ಅರಿವಳಿಕೆಯ ಅಳತೆ: ಕರವಸ್ತ್ರದಿಂದ ಸಿರಿಂಜು ಪಂಪಿನವರೆಗೆ

ಅರಿವಳಿಕೆ ಎಂಬುದು ಈಚಿನ ಕಾಲದಲ್ಲಿ ಕನ್ನಡಕ್ಕೆ ಬಂದ ಅಚ್ಚುಕಟ್ಟಾದ ಮಾತುಗಳಲ್ಲಿ ಒಂದು. ಅರಿವು ಅಳಿಯುವುದು ಅರಿವಳಿಕೆ. ವ್ಯಾಕರಣ ಬಲ್ಲವರಿಗೂ ಬಾರದವರಿಗೂ ಅರ್ಥ ಒಡನೆಯೇ ಹೊಳೆಯುತ್ತದೆ. ಆದರೂ ಮಾತನ್ನು ಬಿಡಿಸಿ ನೋಡಿದರೆ ಅದು ಅರ್ಧ ಕಥೆಯನ್ನು ಮಾತ್ರ ಹೇಳುತ್ತದೆಂದು ತಿಳಿಯುತ್ತದೆ. ಅಳಿದದ್ದು ಮರಳಿ ಬಾರದೆಂಬುದು ಲೋಕದ ನಂಬಿಕೆ. ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಿದವನ ಅರಿವಾದರೋ ಅಳಿಯಲೂ ಬೇಕು, ಕೆಲಸ ಮುಗಿದೊಡನೆ ಕುಂದಿಲ್ಲದೆ ಮರಳಲೂ ಬೇಕು. ಅಳಿಸುವುದು ಅಷ್ಟೇನೂ ಕಷ್ಟವಲ್ಲ. ಮರಳಿಸುವುದರಲ್ಲಿಯೇ ವಿದ್ಯೆಯೆಲ್ಲ ಅಡಗಿದೆ. ಆ ವಿದ್ಯೆಯ ಜೀವಾಳ ಅಳತೆ. ಈ ಅಳತೆಯನ್ನು ವೈದ್ಯರು ನೂರೆಂಬತ್ತು ವರ್ಷಗಳಿಗೆ ಹತ್ತಿರವಾದ ಕಾಲದಿಂದ ಹೇಗೆ ಹುಡುಕುತ್ತ ಬಂದರು, ಇಂದು ಆಸ್ಪತ್ರೆಗಳಲ್ಲಿ ಕಾಣುವ ಸಿರಿಂಜು ಪಂಪು ಎಂಬ ಸಣ್ಣ ಯಂತ್ರಕ್ಕೆ ಹೇಗೆ ಬಂದು ಮುಟ್ಟಿದರು, ಆ ಯಂತ್ರವನ್ನು ಆರಿಸುವಾಗಲೂ ಬಳಸುವಾಗಲೂ ಎಚ್ಚರ ಏಕೆ ಬೇಕು ಎಂಬುದನ್ನು ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದ್ದೇನೆ.

ನೋವನ್ನು ಮರೆಸುವ ಯತ್ನ ಬಹಳ ಹಳೆಯದು. ಶಸ್ತ್ರಕರ್ಮಕ್ಕೆ ಮುಂಚೆ ರೋಗಿಗೆ ಆಹಾರವನ್ನೂ, ಕುಡಿಯುವ ಅಭ್ಯಾಸವುಳ್ಳವನಿಗೆ ತೀಕ್ಷ್ಣವಾದ ಮದ್ಯವನ್ನೂ ಕೊಡಬೇಕೆಂದು ಸುಶ್ರುತಸಂಹಿತೆ ವಿಧಿಸಿದೆ. ಭೋಜರಾಜನ ತಲೆಬೇನೆಯನ್ನು ಕಳೆಯಲು ಬಂದ ವೈದ್ಯರು ಮೋಹಗೊಳಿಸುವ ಚೂರ್ಣದಿಂದ ಅವನನ್ನು ಮೈಮರೆಸಿ ಕಪಾಲವನ್ನು ತೆರೆದರೆಂಬ ಕಥೆ ಬಲ್ಲಾಳನ ಭೋಜಪ್ರಬಂಧದಲ್ಲಿದೆ. ಅಫೀಮು, ಭಂಗಿ, ಮದ್ಯ ಇವೆಲ್ಲ ನೋವನ್ನು ತಗ್ಗಿಸಬಲ್ಲವು. ಆದರೆ ಇವುಗಳ ಅಳತೆ ಯಾರ ಕೈಗೂ ಸಿಕ್ಕಿರಲಿಲ್ಲ. ಒಬ್ಬನಿಗೆ ಸಾಲದಷ್ಟು ಮತ್ತೊಬ್ಬನಿಗೆ ಮಿತಿಮೀರಿದ್ದಾಗುತ್ತಿತ್ತು. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ನಮ್ಮಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ.

ಹೊಸ ಯುಗ ಆರಂಭವಾದುದು 1846ನೆಯ ಅಕ್ಟೋಬರ್ 16ರಂದು. ಅಮೆರಿಕದ ಬಾಸ್ಟನ್ ನಗರದ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯನು ಗಾಜಿನ ಬುರುಡೆಯೊಂದರಿಂದ ಈಥರ್ ಆವಿಯನ್ನು ರೋಗಿಗೆ ಉಸಿರಾಡಿಸಿದನು. ಜಾನ್ ವಾರನ್ ಎಂಬ ಹಿರಿಯ ಶಸ್ತ್ರವೈದ್ಯನು ಆ ರೋಗಿಯ ಕೊರಳಿನ ಗಡ್ಡೆಗೆ ಕತ್ತಿ ಹಾಕಿದನು. ರೋಗಿ ಕೂಗಲಿಲ್ಲ. ಸುದ್ದಿ ಹಡಗುಗಳನ್ನೇರಿ ಹೊರಟಿತು. 1847ರಲ್ಲಿ ಕಲಕತ್ತೆಯಲ್ಲಿಯೂ ಈಥರಿನ ಪ್ರಯೋಗ ನಡೆಯಿತು. ಅದೇ ವರ್ಷದ ನವೆಂಬರಿನಲ್ಲಿ ಎಡಿನ್‌ಬರೋ ನಗರದ ಜೇಮ್ಸ್ ಸಿಂಪ್ಸನ್ ತನ್ನ ಮನೆಯ ಊಟದ ಕೋಣೆಯಲ್ಲಿ ಇಬ್ಬರು ಸಹಾಯಕರೊಡನೆ ಕ್ಲೋರೋಫಾರಂ ಮೂಸಿ ನೋಡಿ, ಮೂವರೂ ನೆಲಕ್ಕೊರಗಿ, ಎಚ್ಚರವಾದ ಮೇಲೆ ಅದರ ಗುಣವನ್ನು ಲೋಕಕ್ಕೆ ಸಾರಿದನು. ಈಥರಿಗಿಂತ ಇದು ಸುಲಭ. ಬೇರೆ ಸಲಕರಣೆ ಬೇಕಿಲ್ಲ. ಕರವಸ್ತ್ರದ ಮೇಲೆ ಸ್ವಲ್ಪ ಸುರಿದು ಮೂಗಿನ ಬಳಿ ಹಿಡಿದರೆ ಸಾಕು. ಈ ಸುಲಭತೆಯೇ ಮುಂದೆ ಅನರ್ಥಕ್ಕೂ ದಾರಿಯಾಯಿತು.

ಮೂರು ತಿಂಗಳು ತುಂಬುವುದರೊಳಗೆ, 1848ನೆಯ ಜನವರಿ 28ರಂದು, ಇಂಗ್ಲೆಂಡಿನ ನ್ಯೂಕಾಸಲ್ ಸಮೀಪದ ಹಳ್ಳಿಯೊಂದರಲ್ಲಿ ಹ್ಯಾನಾ ಗ್ರೀನರ್ ಎಂಬ ಹದಿನೈದು ವರ್ಷದ ಹುಡುಗಿ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಕುರ್ಚಿಯಲ್ಲಿ ಕುಳಿತಳು. ಬಟ್ಟೆಗೆ ಕ್ಲೋರೋಫಾರಂ ಹಾಕಿ ಮೂಗಿಗೆ ಹಿಡಿದರು. ಕೆಲವೇ ನಿಮಿಷಗಳಲ್ಲಿ ಅವಳ ಪ್ರಾಣ ಹೋಯಿತು. ಉಗುರು ತೆಗೆಸಲು ಬಂದ ಹುಡುಗಿ ಸತ್ತಳೆಂಬ ಸುದ್ದಿ ವೈದ್ಯಲೋಕವನ್ನು ನಡುಗಿಸಿತು. ಅವಳನ್ನು ಎಚ್ಚರಿಸಲು ಬಾಯಿಗೆ ಹಾಕಿದ ನೀರು ಬ್ರಾಂದಿಗಳೇ ಉಸಿರು ಕಟ್ಟಿಸಿದವೆಂದು ಸಿಂಪ್ಸನ್ ವಾದಿಸಿದನು. ಔಷಧದ ಆವಿ ಒಮ್ಮೆಗೇ ಹೆಚ್ಚಾಗಿ ಒಳಹೊಕ್ಕದ್ದೇ ಕಾರಣವೆಂದು ಲಂಡನ್ನಿನ ಜಾನ್ ಸ್ನೋ ಹೇಳಿದನು. ಅರಿವಳಿಕೆಯ ಚರಿತ್ರೆಯಲ್ಲಿ ಅಳತೆಯ ಪ್ರಶ್ನೆ ಎದ್ದುದು ಇಲ್ಲಿಂದ.

ಜಾನ್ ಸ್ನೋ ಹೆಸರನ್ನು ನಮ್ಮ ವಾಚಕರಲ್ಲಿ ಹಲವರು ಬೇರೊಂದು ಸಂದರ್ಭದಲ್ಲಿ ಕೇಳಿರಬಹುದು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನಿಂದ ಕಾಲರಾ ಹರಡುತ್ತಿದೆಯೆಂದು ಕಂಡುಹಿಡಿದು ಅದರ ಹಿಡಿಯನ್ನು ತೆಗೆಸಿದವನು ಇವನೇ. ವೃತ್ತಿಯಿಂದ ಅವನು ಅರಿವಳಿಕೆಯ ವೈದ್ಯ. 1853ರಲ್ಲಿ ವಿಕ್ಟೋರಿಯಾ ರಾಣಿಗೆ ಹೆರಿಗೆಯ ವೇಳೆ ಕ್ಲೋರೋಫಾರಂ ಕೊಟ್ಟವನು. ಗಾಳಿಯಲ್ಲಿ ಆವಿ ಶೇಕಡಾ ಎಷ್ಟಿದ್ದರೆ ನಿದ್ರೆ ಬರುತ್ತದೆ, ಎಷ್ಟಾದರೆ ಪ್ರಾಣಕ್ಕೆ ಅಪಾಯ, ಬಿಸಿಲು ಚಳಿಗಳಿಂದ ಆವಿಯ ಪ್ರಮಾಣ ಹೇಗೆ ಏರಿಳಿಯುತ್ತದೆ ಎಂಬುದನ್ನೆಲ್ಲ ಅವನು ಪ್ರಯೋಗದಿಂದ ತೂಗಿ ನೋಡಿದನು. ಕರವಸ್ತ್ರಕ್ಕೆ ಬದಲಾಗಿ ಅಳತೆಗೆ ಸಿಕ್ಕುವ ಉಪಕರಣವೇ ಮೇಲೆಂಬುದು ಅವನ ತೀರ್ಮಾನ. 1858ರಲ್ಲಿ, ತನ್ನ 45ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಕ್ಲೋರೋಫಾರಂ ಕುರಿತ ಅವನ ಗ್ರಂಥ ಅದೇ ವರ್ಷ ಮರಣಾನಂತರ ಪ್ರಕಟವಾಯಿತು.

ಅವನ ದಾರಿಯನ್ನು ಮುಂದುವರಿಸಿದವನು ಜೋಸೆಫ್ ಕ್ಲೋವರ್. 1862ರಲ್ಲಿ ಅವನು ದೊಡ್ಡದೊಂದು ಚೀಲಕ್ಕೆ ತಿದಿಯಿಂದ ಗಾಳಿಯನ್ನು ಅಳೆದು ತುಂಬಿ, ಅದಕ್ಕೆ ಲೆಕ್ಕವಾಗಿ ಕ್ಲೋರೋಫಾರಂ ಬೆರೆಸಿ, ಚೀಲವನ್ನು ಬೆನ್ನಿಗೆ ಇಳಿಬಿಟ್ಟುಕೊಂಡು ನಳಿಗೆಯ ಮೂಲಕ ರೋಗಿಗೆ ಕೊಡುತ್ತಿದ್ದನು. ಆವಿ ಶೇಕಡಾ ನಾಲ್ಕೂವರೆಯನ್ನು ಮೀರುವಂತಿರಲಿಲ್ಲ. ಅವನ ಒಂದು ಪ್ರಸಿದ್ಧ ಭಾವಚಿತ್ರದಲ್ಲಿ ಒಂದು ಕೈ ಉಪಕರಣದ ಮೇಲಿದ್ದರೆ ಇನ್ನೊಂದು ಕೈಯ ಬೆರಳುಗಳು ರೋಗಿಯ ನಾಡಿಯ ಮೇಲಿವೆ. ಮುಂದೆ ಹೇಳಬೇಕಾದ ಮಾತೆಲ್ಲ ಈ ಚಿತ್ರದಲ್ಲಿ ಅಡಕವಾಗಿದೆಯೆನ್ನಬಹುದು.

ಈ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ನಡೆದುದು ನಮಗೆ ಹತ್ತಿರದ ಹೈದರಾಬಾದಿನಲ್ಲಿ. ಆಗ ಗುಲ್ಬರ್ಗ, ರಾಯಚೂರು, ಬೀದರ್ ಸೀಮೆಗಳು ನಿಜಾಮನ ರಾಜ್ಯಕ್ಕೆ ಸೇರಿದ್ದುವು. 1956ರವರೆಗೂ ಅವು ಹೈದರಾಬಾದ್ ರಾಜ್ಯದಲ್ಲಿಯೇ ಇದ್ದುವು. ಅಲ್ಲಿನ ರೆಸಿಡೆನ್ಸಿ ವೈದ್ಯನೂ ವೈದ್ಯಶಾಲೆಯ ಮುಖ್ಯಸ್ಥನೂ ಆಗಿದ್ದ ಎಡ್ವರ್ಡ್ ಲಾರಿ ಎಡಿನ್‌ಬರೋ ಪರಂಪರೆಯವನು. ಕ್ಲೋರೋಫಾರಂ ಕೊಡುವಾಗ ಯಾವುದನ್ನು ಕಾಯಬೇಕು, ಉಸಿರನ್ನೊ ನಾಡಿಯನ್ನೊ ಎಂಬುದು ಆ ಕಾಲದ ದೊಡ್ಡ ಜಗಳ. ಎಡಿನ್‌ಬರೋದವರು ಉಸಿರನ್ನು ಕಾದರೆ ಸಾಕೆಂದರು. ಲಂಡನ್ನಿನವರು ನಾಡಿಯನ್ನು ಬಿಡಬಾರದೆಂದರು. ಈ ವಾದವನ್ನು ತೀರಿಸಲು ಲಾರಿ 1888ರಲ್ಲಿ ಮೊದಲನೆಯ ಹೈದರಾಬಾದ್ ಕ್ಲೋರೋಫಾರಂ ಆಯೋಗವನ್ನು ಕೂಡಿಸಿದನು. ನಾಯಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಹೃದಯಕ್ಕಿಂತ ಮುಂಚೆ ಉಸಿರೇ ನಿಲ್ಲುತ್ತದೆಂದು ಆಯೋಗ ಹೇಳಿತು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ಅದನ್ನು ನಂಬಲಿಲ್ಲ.

ಆಗ ಆರನೆಯ ನಿಜಾಮ ಮಹಬೂಬ್ ಅಲಿ ಖಾನನು ತನ್ನ ಬೊಕ್ಕಸದಿಂದ ಒಂದು ಸಾವಿರ ಪೌಂಡುಗಳನ್ನು ಕೊಟ್ಟು, ಪತ್ರಿಕೆಯ ಪರವಾಗಿ ತಜ್ಞನೊಬ್ಬನನ್ನು ಕಳುಹಿಸಿರೆಂದನು. ಲಾಡರ್ ಬ್ರಂಟನ್ ಎಂಬ ಪ್ರಸಿದ್ಧ ವೈದ್ಯನು ಬಂದನು. 1889ರಲ್ಲಿ ಎರಡನೆಯ ಆಯೋಗ ನಾಯಿ, ಕೋತಿ ಮೊದಲಾದ ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ ರಕ್ತದ ಒತ್ತಡವನ್ನು ಬರೆದಿಟ್ಟಿತು. ಹೃದಯಕ್ಕೆ ಅಪಾಯವಿದೆಯೆಂದು ನಂಬಿ ಬಂದಿದ್ದ ಬ್ರಂಟನ್ನನೂ ಕೊನೆಗೆ ಲಾರಿಯ ಪಕ್ಷಕ್ಕೆ ಸೇರಿದನು. ಈ ಕೆಲಸದಲ್ಲಿ ಭಾಗಿಯಾದವರಲ್ಲಿ ಹೈದರಾಬಾದ್ ವೈದ್ಯಶಾಲೆಯಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಎಂಬಾಕೆ ಒಬ್ಬರು. ಲೋಕದ ಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಅವರನ್ನು ಎಣಿಸುತ್ತಾರೆ. ದಕ್ಷಿಣ ದೇಶದ ಹೆಣ್ಣುಮಗಳೊಬ್ಬಳು ಆ ಕಾಲದಲ್ಲಿ ಇಂತಹ ಕೆಲಸದಲ್ಲಿ ಪಳಗಿದಳೆಂಬುದು ನಾವು ಮರೆಯಬಾರದ ಸಂಗತಿ.

ಆಯೋಗದ ತೀರ್ಮಾನ ಮಾತ್ರ ಪೂರ್ಣಸತ್ಯವಾಗಿರಲಿಲ್ಲ. 1911ರಲ್ಲಿ ಗುಡ್‌ಮನ್ ಲೆವಿ ಎಂಬ ಇಂಗ್ಲಿಷ್ ವೈದ್ಯನು ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ಬೇರೊಂದು ಸತ್ಯವನ್ನು ತೋರಿಸಿದನು. ಕ್ಲೋರೋಫಾರಂ ಹಗುರವಾಗಿದ್ದಾಗ, ಭಯದಿಂದಲೋ ನೋವಿನಿಂದಲೋ ದೇಹದಲ್ಲಿ ಅಡ್ರಿನಲಿನ್ ಹೆಚ್ಚಿದರೆ, ಹೃದಯವು ಕ್ರಮತಪ್ಪಿ ಅದುರಿ ಥಟ್ಟನೆ ನಿಂತುಬಿಡಬಹುದು. ಹೆಚ್ಚು ಕೊಟ್ಟರೆ ಅಪಾಯವೆಂದು ತಿಳಿದಿದ್ದವರಿಗೆ, ಕಡಮೆ ಕೊಡುವುದೂ ಬಿಟ್ಟುಬಿಟ್ಟು ಕೊಡುವುದೂ ಅಪಾಯವೆಂಬುದು ಇದರಿಂದ ತಿಳಿಯಿತು. ಅಂದರೆ, ಅಳತೆ ಸರಿಯಿರಬೇಕು. ಅದಕ್ಕಿಂತ ಮಿಗಿಲಾಗಿ ಅದು ಏರುಪೇರಿಲ್ಲದೆ ಒಂದೇ ಸಮನಾಗಿ ಹರಿಯಬೇಕು. ಇಂದಿನ ಸಿರಿಂಜು ಪಂಪಿನ ಗುರಿಯೂ ಇದೇ ಆಗಿದೆ.

ಇನ್ನು ಸಿರಿಂಜಿನ ಕಡೆಗೆ ತಿರುಗೋಣ. ನಮ್ಮ ಹಿರಿಯರು ಇದನ್ನು ಪಿಚಕಾರಿಯೆಂದೇ ಕರೆಯುತ್ತಿದ್ದರು. ಟೊಳ್ಳು ಸೂಜಿಯಿಂದ ಚರ್ಮದೊಳಗೆ ಔಷಧವಿಳಿಸುವ ಕ್ರಮವನ್ನು ಡಬ್ಲಿನ್ ನಗರದ ಫ್ರಾನ್ಸಿಸ್ ರಿಂಡ್ 1844ರಲ್ಲಿ ತೋರಿಸಿದ್ದನು. 1853ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್, ಫ್ರಾನ್ಸಿನ ಲಿಯೋನ್ ನಗರದ ಶಾರ್ಲ್ ಪ್ರವಾಜ್ ಇಬ್ಬರೂ ಬೇರೆಬೇರೆಯಾಗಿ ಸಿರಿಂಜನ್ನು ಬಳಕೆಗೆ ತಂದರು. ಪ್ರವಾಜನ ಬೆಳ್ಳಿಯ ಸಿರಿಂಜಿನಲ್ಲಿ ಒಂದು ವಿಶೇಷವಿತ್ತು. ಅದರ ಒಳಕೊರಡನ್ನು ಹೆಬ್ಬೆರಳಿನಿಂದ ತಳ್ಳುತ್ತಿರಲಿಲ್ಲ, ತಿರುಪಿನಿಂದ ತಿರುಗಿಸುತ್ತಿದ್ದರು. ಅರ್ಧ ಸುತ್ತಿಗೆ ಇಷ್ಟು ಹನಿ, ಪೂರ್ಣ ಸುತ್ತಿಗೆ ಅಷ್ಟು ಎಂದು ಲೆಕ್ಕ ಸಿಕ್ಕುತ್ತಿತ್ತು. ಇಂದಿನ ಪಂಪಿನೊಳಗೆ ವಿದ್ಯುತ್ ಮೋಟಾರು ತಿರುಗಿಸುವುದೂ ಒಂದು ತಿರುಪನ್ನೇ.

ಆವಿಯ ಬದಲು ರಕ್ತನಾಳದ ಮೂಲಕವೇ ಅರಿವಳಿಕೆ ಕೊಡುವ ಸಾಹಸವನ್ನು ಬೋರ್ಡೋ ನಗರದ ಪಿಯರ್ ಓರೆ 1874ರಲ್ಲಿ ಮನುಷ್ಯರ ಮೇಲೆ ಕ್ಲೋರಲ್ ಹೈಡ್ರೇಟ್ ಎಂಬ ಔಷಧದಿಂದ ಮಾಡಿದನು. ಅದು ನಿಲ್ಲಲಿಲ್ಲ. 1934ರಲ್ಲಿ ಅಮೆರಿಕದಲ್ಲಿ ರಾಲ್ಫ್ ವಾಟರ್ಸ್, ಜಾನ್ ಲಂಡಿ ಇವರು ಥಯೊಪೆಂಟೋನ್ ಔಷಧವನ್ನು ಬಳಕೆಗೆ ತಂದಮೇಲೆ ಈ ದಾರಿ ಹೆದ್ದಾರಿಯಾಯಿತು. ಸೂಜಿ ಚುಚ್ಚಿ ಅರೆ ನಿಮಿಷವಾಗುವುದರೊಳಗೆ ರೋಗಿಗೆ ನಿದ್ರೆ. ಆದರೆ ಇದನ್ನು ಗಂಟೆಗಟ್ಟಲೆ ಕೊಡುತ್ತ ಹೋದರೆ ದೇಹದ ಕೊಬ್ಬಿನಲ್ಲಿ ಶೇಖರವಾಗಿ, ಎಚ್ಚರವಾಗುವುದು ಬಹಳ ತಡವಾಗುತ್ತಿತ್ತು. ಬೇಗ ಬಂದು ಬೇಗ ಹೋಗುವ ಔಷಧ ಬೇಕಾಗಿತ್ತು. ಪಶುವೈದ್ಯನಾದ ಜಾನ್ ಗ್ಲೆನ್ ಇಂಗ್ಲೆಂಡಿನ ಐಸಿಐ ಸಂಸ್ಥೆಯಲ್ಲಿ ಬೆಳೆಸಿದ ಪ್ರೊಪೊಫಾಲ್ ಅಂತಹ ಔಷಧವಾಯಿತು. 1977ರಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. ಹಾಲಿನಂತೆ ಬೆಳ್ಳಗಿರುವ ಈಗಿನ ರೂಪದಲ್ಲಿ 1986ರಿಂದ ಬಳಕೆಗೆ ಬಂದಿತು. 2018ರಲ್ಲಿ ಗ್ಲೆನ್ನನಿಗೆ ಲಾಸ್ಕರ್ ಪ್ರಶಸ್ತಿ ದೊರೆಯಿತು.

ಬೇಗ ಹೋಗುವ ಔಷಧವನ್ನು ಎಡೆಬಿಡದೆ ಕೊಡುತ್ತಿರಬೇಕಷ್ಟೆ. ತಳದಲ್ಲಿ ತೂತಿರುವ ಕೊಡದಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲಬೇಕಾದರೆ, ಸೋರುವಷ್ಟನ್ನೇ ಮೇಲಿನಿಂದ ಹೊಯ್ಯುತ್ತಿರಬೇಕು. ದೇಹವೂ ಅಂತಹ ಕೊಡ. ಔಷಧವನ್ನು ಕರಗಿಸುತ್ತ, ಹೊರಹಾಕುತ್ತ, ಕೊಬ್ಬು ಸ್ನಾಯುಗಳಿಗೆ ಹಂಚುತ್ತ ಇರುತ್ತದೆ. ಹಿಂದಿನವರು ಗಳಿಗೆ ಬಟ್ಟಲಿನ ಸಣ್ಣ ರಂಧ್ರದಿಂದ ಕಾಲವನ್ನು ಅಳೆದರು. ಶಿವಲಿಂಗದ ಮೇಲೆ ತೂಗಿದ ಧಾರಾಪಾತ್ರೆಯಿಂದ ಹನಿಹನಿಯಾಗಿ ಅಭಿಷೇಕ ನಡೆಸಿದರು. ಹನಿಯ ನಿಯಮ ನಮಗೆ ಹೊಸದಲ್ಲ. ಆದರೆ ಗುರುತ್ವದಿಂದ ಬೀಳುವ ಹನಿ ಪಾತ್ರೆ ಖಾಲಿಯಾಗುತ್ತ ಬಂದಂತೆ ನಿಧಾನವಾಗುತ್ತದೆ. ಜೀವದ ವಿಷಯದಲ್ಲಿ ಆ ನಿಧಾನಕ್ಕೆ ಎಡೆಯಿಲ್ಲ.

ಸಿರಿಂಜು ಪಂಪು ಈ ಕೊರತೆಯನ್ನು ನೀಗಿಸುತ್ತದೆ. ಔಷಧ ತುಂಬಿದ ಸಿರಿಂಜನ್ನು ಯಂತ್ರದ ಮೇಲೆ ಮಲಗಿಸಿ, ಅದರ ಕೊಳವೆಯನ್ನು ಒಂದು ಹಿಡಿಕೆಯಿಂದಲೂ, ಒಳಕೊರಡಿನ ತುದಿಯನ್ನು ಇನ್ನೊಂದರಿಂದಲೂ ಬಂಧಿಸುತ್ತಾರೆ. ಮೋಟಾರು ತಿರುಪನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಿ ಕೊರಡನ್ನು ಮುಂದಕ್ಕೆ ತಳ್ಳುತ್ತದೆ. ಎಷ್ಟು ನಿಧಾನವಾಗಿ ಎಂಬುದನ್ನು ಲೆಕ್ಕ ಹಾಕಿ ನೋಡಿರಿ. 50 ಮಿಲಿಲೀಟರಿನ ಸಿರಿಂಜಿನ ಒಳವ್ಯಾಸ 28 ಮಿಲಿಮೀಟರ್ ಎಂದಿಟ್ಟುಕೊಳ್ಳಿರಿ. ಗಂಟೆಗೆ 36 ಮಿಲಿಲೀಟರ್ ಕೊಡಬೇಕಾದರೆ ಕೊರಡು ನಿಮಿಷಕ್ಕೆ ಸುಮಾರು 1 ಮಿಲಿಮೀಟರ್ ಚಲಿಸಬೇಕು. ಗಂಟೆಗೆ 1 ಮಿಲಿಲೀಟರ್ ಕೊಡಬೇಕಾದರೆ ಇಡೀ ಗಂಟೆಯಲ್ಲಿ ಸುಮಾರು 1.6 ಮಿಲಿಮೀಟರ್ ಮಾತ್ರ.

ಗಂಟೆಗೆ 36 ಎಂಬ ಸಂಖ್ಯೆ ಎಲ್ಲಿಂದ ಬಂದಿತು? ಅದು ನಮ್ಮ ಶಾಲೆಗಳ ತ್ರೈರಾಶಿಯೇ. 60 ಕಿಲೋ ತೂಕದ ರೋಗಿ. ಕಿಲೋ ತೂಕಕ್ಕೆ ನಿಮಿಷಕ್ಕೆ 100 ಮೈಕ್ರೋಗ್ರಾಂ ಪ್ರೊಪೊಫಾಲ್ ಎಂದು ವೈದ್ಯರು ನಿರ್ಧರಿಸಿದ್ದಾರೆ ಎನ್ನೋಣ. ನಿಮಿಷಕ್ಕೆ 6,000 ಮೈಕ್ರೋಗ್ರಾಂ, ಎಂದರೆ 6 ಮಿಲಿಗ್ರಾಂ. ಗಂಟೆಗೆ 360 ಮಿಲಿಗ್ರಾಂ. ಶೇಕಡಾ ಒಂದರ ಔಷಧದಲ್ಲಿ ಮಿಲಿಲೀಟರಿಗೆ 10 ಮಿಲಿಗ್ರಾಂ ಇರುವುದರಿಂದ ಗಂಟೆಗೆ 36 ಮಿಲಿಲೀಟರ್. ಇದೇ ಔಷಧ ಶೇಕಡಾ ಎರಡರದೂ ಸಿಕ್ಕುತ್ತದೆ. ಅದಾದರೆ 18 ಸಾಕು. ತೂಕ, ಸಮಯ, ಸಾಂದ್ರತೆ ಈ ಮೂರರಲ್ಲಿ ಒಂದು ತಪ್ಪಿದರೂ ಉತ್ತರ ತಪ್ಪುತ್ತದೆ. ದಶಾಂಶದ ಚುಕ್ಕೆ ಒಂದು ಸ್ಥಾನ ಸರಿದರೆ 36 ಹೋಗಿ 3.6 ಆಗಬಹುದು, 360 ಆಗಬಹುದು. ಶಾಲೆಯಲ್ಲಿ ಚುಕ್ಕೆ ತಪ್ಪಿಸಿದ ಹುಡುಗನಿಗೆ ಒಂದು ಅಂಕ ಹೋಗುತ್ತದೆ. ಇಲ್ಲಿ ಒಂದು ಕಡೆ ರೋಗಿ ಕತ್ತಿಯ ಕೆಳಗೆ ಎಚ್ಚರಗೊಳ್ಳುತ್ತಾನೆ. ಇನ್ನೊಂದು ಕಡೆ ಅವನ ಉಸಿರೂ ರಕ್ತದ ಒತ್ತಡವೂ ಕುಸಿಯುತ್ತವೆ.

ಈ ಲೆಕ್ಕವನ್ನು ಯಂತ್ರಕ್ಕೇ ವಹಿಸುವ ಪಂಪುಗಳೂ ಇವೆ. ರಕ್ತದಲ್ಲಿ ಔಷಧ ಇಷ್ಟು ಮಟ್ಟದಲ್ಲಿ ನಿಲ್ಲಲಿ ಎಂದು ಗುರಿ ಹೇಳಿದರೆ, ವಯಸ್ಸು ತೂಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಯಂತ್ರವೇ ವೇಗವನ್ನು ಕ್ಷಣಕ್ಷಣಕ್ಕೂ ಬದಲಿಸುತ್ತದೆ. 1996ರಲ್ಲಿ ಬಂದ ಡಿಪ್ರಿಫ್ಯೂಸರ್ ಈ ಬಗೆಯ ಮೊದಲ ಮಾರುಕಟ್ಟೆಯ ಏರ್ಪಾಡು. ಇಂತಹ ಪಂಪುಗಳಲ್ಲಿ ಮಾರ್ಷ್, ಶ್ನೈಡರ್ ಎಂಬ ಬೇರೆಬೇರೆ ಲೆಕ್ಕದ ಮಾದರಿಗಳಿವೆ. ಒಂದೇ ಗುರಿಗೆ ಎರಡೂ ಒಂದೇ ಪ್ರಮಾಣದ ಔಷಧ ಕೊಡುವುದಿಲ್ಲ. ಯಾವ ಮಾದರಿಯೆಂದು ನೋಡದೆ ಗುಂಡಿಯೊತ್ತುವವನು, ಸೇರು ಯಾವುದು ಪಾವು ಯಾವುದು ಎಂದು ಕೇಳದೆ ಅಕ್ಕಿ ಅಳೆದವನಂತೆ.

ಪಂಪನ್ನು ಆರಿಸುವ ವಿಷಯದಲ್ಲಿ ಚರಿತ್ರೆ ಕಲಿಸಿದ ಕಠಿಣ ಪಾಠವೊಂದಿದೆ. ಇಂಗ್ಲೆಂಡಿನ ಮಾರ್ಟಿನ್ ರೈಟ್ ಎಂಬ ವಿಜ್ಞಾನಿ ಬ್ಯಾಟರಿಯಿಂದ ನಡೆಯುವ, ಜೇಬಿನಲ್ಲಿಡಬಹುದಾದ ಸಿರಿಂಜು ಯಂತ್ರವನ್ನು ಮಾಡಿ 1979ರಲ್ಲಿ ಅದರ ವಿವರ ಪ್ರಕಟಿಸಿದನು. ಅಸಾಧ್ಯ ನೋವಿನಲ್ಲಿರುವ ಕ್ಯಾನ್ಸರ್ ರೋಗಿಗಳಿಗೆ ಅದು ವರವಾಯಿತು. ಗ್ರೇಸ್‌ಬಿ ಹೆಸರಿನಲ್ಲಿ ಈ ಯಂತ್ರದ ಎರಡು ಮಾದರಿಗಳು ಆಸ್ಪತ್ರೆಗಳನ್ನು ಹೊಕ್ಕವು. ನೋಡಲು ಅವು ಅಣ್ಣತಮ್ಮಂದಿರಂತೆ. ಒಂದಕ್ಕೆ ನೀಲಿ ಮುಖ, ಇನ್ನೊಂದಕ್ಕೆ ಹಸುರು. ಒಂದರಲ್ಲಿ ವೇಗವನ್ನು ಗಂಟೆಗೆ ಇಷ್ಟು ಮಿಲಿಮೀಟರ್ ಎಂದೂ ಇನ್ನೊಂದರಲ್ಲಿ 24 ಗಂಟೆಗೆ ಇಷ್ಟು ಎಂದೂ ಹೊಂದಿಸಬೇಕಿತ್ತು. ದಿನಕ್ಕೆ 48 ಎಂದು ಮನಸ್ಸಿನಲ್ಲಿಟ್ಟುಕೊಂಡ ದಾದಿ ಗಂಟೆಯ ಯಂತ್ರದ ಮೇಲೆ 48 ಎಂದು ತಿರುಗಿಸಿದರೆ, ಇಡೀ ದಿನದ ಮಾರ್ಫಿನ್ ಒಂದೇ ಗಂಟೆಯಲ್ಲಿ ದೇಹಕ್ಕಿಳಿಯುತ್ತದೆ. ಇಂತಹ ತಪ್ಪುಗಳಿಂದ ಪ್ರಾಣಗಳು ಹೋದವು. 2010ನೆಯ ಡಿಸೆಂಬರಿನಲ್ಲಿ ಅಲ್ಲಿನ ರಾಷ್ಟ್ರೀಯ ರೋಗಿ ಸುರಕ್ಷಾ ಸಂಸ್ಥೆಯು, ವೇಗವನ್ನು ಮಿಲಿಲೀಟರುಗಳಲ್ಲಿ ತೋರಿಸುವ, ಸಿರಿಂಜು ಸರಿಯಾಗಿ ಕೂರದಿದ್ದರೆ ತಾನೇ ನಿಲ್ಲುವ, ಬೀಗ ಹಾಕಬಹುದಾದ ಯಂತ್ರಗಳಿಗೆ ಕ್ರಮವಾಗಿ ಬದಲಾಗಬೇಕೆಂದು ಸೂಚಿಸಿತು. ಪ್ರತಿ ಸಲವೂ ದಾದಿಯ ಅಜಾಗರೂಕತೆಯೆಂದು ಹೇಳಿ ಕೈತೊಳೆದುಕೊಂಡಿದ್ದರೆ ಈ ಸುಧಾರಣೆ ಆಗುತ್ತಿರಲಿಲ್ಲ. ತಪ್ಪಿಗೆ ಎಡೆಕೊಡುವ ಯಂತ್ರವನ್ನು ಕೊಂಡವರ ಕಡೆಗೂ ನೋಡಬೇಕಾಯಿತು.

ಅದೇ ವರ್ಷ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಎಲ್ಲ ಬಗೆಯ ಔಷಧ ಪಂಪುಗಳ ಸಂಬಂಧವಾಗಿ 2005ರಿಂದ 2009ರವರೆಗೆ ತನಗೆ ಸುಮಾರು 56,000 ದೂರುಗಳು ಬಂದಿದ್ದುವೆಂದೂ, 87 ಸಲ ಪಂಪುಗಳನ್ನು ಹಿಂದಕ್ಕೆ ಕರೆಸಬೇಕಾಯಿತೆಂದೂ ತಿಳಿಸಿತು. ಒಮ್ಮೆ ಒತ್ತಿದ ಗುಂಡಿ ಎರಡು ಸಲ ಒತ್ತಿದಂತೆ ದಾಖಲಾಗಿ 10 ಎಂಬುದು 100 ಆಗುವಂತಹ ದೋಷಗಳೂ ಅವುಗಳಲ್ಲಿದ್ದುವು.

ಹಾಗಾದರೆ ಆಸ್ಪತ್ರೆ ಪಂಪು ಕೊಳ್ಳುವಾಗ ಏನನ್ನು ನೋಡಬೇಕು? ಮೊದಲನೆಯದು ಏಕರೂಪತೆ. ಇಡೀ ಆಸ್ಪತ್ರೆಯಲ್ಲಿ ಸಾಧ್ಯವಾದಷ್ಟೂ ಒಂದೇ ಮಾದರಿಯಿದ್ದರೆ ಕೈಗಳು ತಪ್ಪುವುದು ಕಡಮೆ. ವರ್ಷಕ್ಕೊಂದು ಅಗ್ಗದ ಟೆಂಡರು ಹಿಡಿದು ವಾರ್ಡಿಗೊಂದು ಬಗೆಯ ಯಂತ್ರ ತಂದರೆ ಉಳಿಸಿದ ಹಣ ಒಂದು ಅವಘಡಕ್ಕೆ ಸಾಲದು. ಎರಡನೆಯದು, ಆ ಊರಿನಲ್ಲಿ ದೊರೆಯುವ ಸಿರಿಂಜುಗಳನ್ನು ಪಂಪು ಬಲ್ಲುದೆ ಎಂಬುದು. 50 ಮಿಲಿಲೀಟರ್ ಎಂದು ಬರೆದ ಎರಡು ಕಂಪನಿಗಳ ಸಿರಿಂಜುಗಳ ಒಳವ್ಯಾಸ ಒಂದೇ ಆಗಿರಬೇಕಿಲ್ಲ. ವ್ಯಾಸ 26 ಎಂದು ಯಂತ್ರ ತಿಳಿದಿದ್ದು ನಿಜವಾಗಿ 28 ಮಿಲಿಮೀಟರ್ ಇದ್ದರೆ, ಪ್ರತಿ ಗಂಟೆಯೂ ಶೇಕಡಾ 16ರಷ್ಟು ಔಷಧ ಹೆಚ್ಚಾಗಿ ಹೋಗುತ್ತದೆ. ಪರದೆಯ ಮೇಲೆ ಮಾತ್ರ ಅಂಕಿ ಸರಿಯಾಗಿಯೇ ಕಾಣುತ್ತದೆ. ಮೂರನೆಯದು ಬ್ಯಾಟರಿ. ವಿದ್ಯುತ್ತು ಹೋದಾಗ ಪಂಪು ನಿಲ್ಲಬಾರದು. ಬಳಸದೆ ಇಟ್ಟಾಗಲೂ ಅದನ್ನು ವಿದ್ಯುತ್ತಿಗೆ ಜೋಡಿಸಿಯೇ ಇಟ್ಟಿರಬೇಕು. ನಾಲ್ಕನೆಯದು, ಮಿತಿ ಮೀರಿದ ಪ್ರಮಾಣವನ್ನು ತಡೆಯುವ ಔಷಧ ಪಟ್ಟಿ, ದೂರದಿಂದ ಓದಬಹುದಾದ ಅಂಕಿಗಳು, ಒಳಗಿನ ಒತ್ತಡವನ್ನು ತೋರಿಸುವ ಸೂಚಿ. ಐದನೆಯದು, ಕೆಟ್ಟಾಗ ಬಂದು ಸರಿಪಡಿಸುವವರು, ಕಾಲಕಾಲಕ್ಕೆ ಅಳತೆ ಪರೀಕ್ಷಿಸುವವರು, ದಾದಿಯರಿಗೆ ಕಲಿಸುವವರು ಹತ್ತಿರದಲ್ಲಿದ್ದಾರೆಯೆ ಎಂಬುದು. ಈ ಬಗೆಯ ಪಂಪುಗಳಿಗೆ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ ಪ್ರತ್ಯೇಕ ಪ್ರಮಾಣವೂ ಇದೆ. ಕೊಳ್ಳುವವರು ಅದನ್ನು ಕೇಳಬೇಕು.

ಬಳಸುವಾಗಿನ ಎಚ್ಚರಗಳು ಇನ್ನೂ ಸೂಕ್ಷ್ಮವಾದವು. ಸಿರಿಂಜಿನ ಕೊರಡು ಹಿಡಿಕೆಯಲ್ಲಿ ಸರಿಯಾಗಿ ಸಿಕ್ಕಿಕೊಂಡಿಲ್ಲ, ಪಂಪು ರೋಗಿಗಿಂತ ಎತ್ತರದಲ್ಲಿದೆ ಎನ್ನಿ. ಆಗ ಎತ್ತರದ ತೊಟ್ಟಿಯಿಂದ ಕೊಳವೆಯಲ್ಲಿ ನೀರಿಳಿಯುವಂತೆ ಔಷಧವೆಲ್ಲ ತಾನಾಗಿಯೇ ಇಳಿದುಹೋಗಬಹುದು. ಆದಕಾರಣ ಪಂಪನ್ನು ರೋಗಿಯ ಮಟ್ಟದಲ್ಲಿಯೇ ಇಡಬೇಕು. ಸಿರಿಂಜನ್ನು ತೆಗೆಯುವ ಮುಂಚೆ ಕೊಳವೆಯನ್ನು ಮುಚ್ಚಬೇಕು. ಹೀಗೆ ಇಳಿಯುವುದನ್ನು ತಡೆಯುವ ಕವಾಟವಿದ್ದರೆ ಇನ್ನೂ ಮೇಲು.

ಗಂಟೆಗೆ 1 ಮಿಲಿಲೀಟರಿನಂತೆ ಕೊಡುವಾಗ ಕೊರಡಿಗೂ ತಳ್ಳುವ ತುದಿಗೂ ನಡುವೆ ಒಂದೂವರೆ ಮಿಲಿಮೀಟರ್ ಸಡಿಲವಿದ್ದರೆ, ಆ ಸಡಿಲ ತುಂಬುವುದಕ್ಕೇ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಯಂತ್ರ ನಡೆಯುತ್ತಿದೆ, ದೀಪ ಉರಿಯುತ್ತಿದೆ, ರೋಗಿಗೆ ಮಾತ್ರ ಹನಿಯೂ ಸೇರಿಲ್ಲ! ಅದಕ್ಕಾಗಿಯೇ ರೋಗಿಗೆ ಜೋಡಿಸುವ ಮುಂಚೆ ಪಂಪನ್ನು ಓಡಿಸಿ, ಕೊಳವೆಯ ತುದಿಯಲ್ಲಿ ಔಷಧ ಕಾಣಿಸಿಕೊಳ್ಳುವುದನ್ನು ನೋಡಬೇಕು. ಸಣ್ಣ ವೇಗಕ್ಕೆ ಸಣ್ಣ ಸಿರಿಂಜನ್ನು ಆರಿಸಬೇಕು. ಕೊಳವೆ ಎಲ್ಲಿಯಾದರೂ ಮಡಚಿಕೊಂಡರೆ ಒಳಗೆ ಒತ್ತಡ ಏರುತ್ತದೆ, ಕೊನೆಗೆ ಕರೆಗಂಟೆ ಕೂಗುತ್ತದೆ. ಕೂಗುವ ಮುಂಚೆ 1 ಮಿಲಿಲೀಟರ್ ಔಷಧ ಒಳಗೆ ಅದುಮಿಕೊಳ್ಳುವಂತಿದ್ದರೆ, ಗಂಟೆಗೆ 60ರ ವೇಗದಲ್ಲಿ ಒಂದು ನಿಮಿಷಕ್ಕೆ ಸುಳಿವು ಸಿಕ್ಕುತ್ತದೆ. ಗಂಟೆಗೆ 1ರ ವೇಗದಲ್ಲಿ ಒಂದು ಗಂಟೆ ಕಾಯಬೇಕು. ಸುಳಿವು ಸಿಕ್ಕಮೇಲೆ ಮಡಿಕೆಯನ್ನು ಥಟ್ಟನೆ ಬಿಡಿಸಿದರೆ ಅದುಮಿಕೊಂಡಿದ್ದ ಔಷಧ ಒಮ್ಮೆಗೇ ರೋಗಿಗೆ ನುಗ್ಗುತ್ತದೆ. ಮೊದಲು ರೋಗಿಯ ಕಡೆಯ ದಾರಿ ಮುಚ್ಚಿ, ಒತ್ತಡ ಇಳಿಸಿ, ಆಮೇಲೆ ತೆರೆಯಬೇಕು.

ಬ್ರಿಟನ್ ಮತ್ತು ಐರ್ಲೆಂಡಿನ ಅರಿವಳಿಕೆ ವೈದ್ಯರು 2014ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯೊಂದು ಶಸ್ತ್ರಕ್ರಿಯೆಯ ನಡುವೆ ಎಚ್ಚರವಾದೆನೆಂದು ರೋಗಿಗಳು ಹೇಳಿದ ಪ್ರಸಂಗಗಳನ್ನು ಕಲೆಹಾಕಿತು. ಸುಮಾರು 19,000 ಅರಿವಳಿಕೆಗಳಿಗೆ ಒಂದರಂತೆ ಇಂತಹ ವರದಿ ಬಂದಿತ್ತು. ರಕ್ತನಾಳದ ಮೂಲಕವೇ ಅರಿವಳಿಕೆ ಕೊಟ್ಟ ಪ್ರಸಂಗಗಳಲ್ಲಿ ಔಷಧ ದೇಹಕ್ಕೆ ತಲುಪದಿದ್ದುದೇ ಒಂದು ಮುಖ್ಯ ಕಾರಣ. ಸ್ನಾಯುಗಳನ್ನು ಸಡಿಲಿಸುವ ಔಷಧವನ್ನೂ ಕೊಟ್ಟಿದ್ದರೆ ಎಚ್ಚರವಾದವನು ಕೈಯೆತ್ತಲಾರ, ಕೂಗಲಾರ. ಇದಕ್ಕಿಂತ ಘೋರವಾದ ಅವಸ್ಥೆಯನ್ನು ಊಹಿಸುವುದು ಕಷ್ಟ. ಆದುದರಿಂದಲೇ ಸೂಜಿ ಚುಚ್ಚಿದ ಜಾಗ ಬಟ್ಟೆಯಡಿ ಮುಚ್ಚಿಹೋಗದೆ ಕಣ್ಣಿಗೆ ಕಾಣುತ್ತಿರಬೇಕು, ಕೊಳವೆಗಳನ್ನು ತಿರುಗಿಸಿ ಬಿಗಿಯುವ ತುದಿಗಳಿಂದಲೇ ಸೇರಿಸಬೇಕು, ಬೇರೆ ಡ್ರಿಪ್ಪಿನೊಳಕ್ಕೆ ಔಷಧ ಹಿಂದೆ ಹರಿಯದಂತೆ ಕವಾಟವಿರಬೇಕು, ಸ್ನಾಯುಗಳನ್ನು ಸಡಿಲಿಸಿದಾಗ ಮೆದುಳಿನ ವಿದ್ಯುತ್ ಅಲೆಗಳನ್ನೂ ಗಮನಿಸುತ್ತಿರಬೇಕು ಎಂದು ವೈದ್ಯಸಂಘಗಳು ವಿಧಿಸಿವೆ.

ಇವೆಲ್ಲ ವೈದ್ಯರ, ದಾದಿಯರ ಕೆಲಸ, ಮನೆಯಲ್ಲಿ ಕುಳಿತ ನಮಗೇಕೆ ಎನ್ನಬಹುದು. ನಮಗೂ ಸಣ್ಣದೊಂದು ಪಾಲಿದೆ. ಅರಿವಳಿಕೆಯ ವೈದ್ಯರು ಬಂದು ವಿಚಾರಿಸಿದಾಗ ರೋಗಿಯ ತೂಕವನ್ನು ಅಂದಾಜಿನಿಂದ ಹೇಳದೆ ತೂಗಿಸಿಯೇ ಹೇಳಿರಿ; ಲೆಕ್ಕವೆಲ್ಲ ನಿಂತಿರುವುದು ಆ ಒಂದು ಅಂಕಿಯ ಮೇಲೆ. ಹಿಂದೆ ಅರಿವಳಿಕೆ ಪಡೆದಾಗ ಆದ ತೊಂದರೆಯನ್ನೂ, ಒಗ್ಗದ ಔಷಧಗಳನ್ನೂ, ದಿನವೂ ನುಂಗುವ ಮಾತ್ರೆಗಳನ್ನೂ ಮುಚ್ಚಿಡಬೇಡಿರಿ. ವಾರ್ಡಿನಲ್ಲಿ ಪಂಪು ಕೂಗಿದರೆ ಕಿರಿಕಿರಿಯೆಂದು ಗುಂಡಿಯೊತ್ತಿ ಬಾಯಿ ಮುಚ್ಚಿಸಬೇಡಿರಿ, ದಾದಿಯನ್ನು ಕರೆಯಿರಿ. ಮಂಚದ ಬಳಿಯಿರುವ ಪಂಪನ್ನು ನೀವಾಗಿ ಎತ್ತಿಡಲೂ ಹೋಗಬೇಡಿರಿ. ಊರಿನ ಆಸ್ಪತ್ರೆಯ ಸಮಿತಿಯಲ್ಲಿಯೋ ದಾನಿಗಳ ಸಾಲಿನಲ್ಲಿಯೋ ನೀವಿದ್ದರೆ, ಯಂತ್ರದ ಬೆಲೆಯನ್ನು ಕೇಳುವಾಗಲೇ ಅದರ ದುರಸ್ತಿ, ತರಬೇತಿ, ಬ್ಯಾಟರಿಗಳನ್ನೂ ಕೇಳಿರಿ.

ಹೈದರಾಬಾದಿನ ಆಯೋಗ ಉಸಿರನ್ನು ಕಾಯಿರಿ ಎಂದಿತು. ಲಂಡನ್ನಿನವರು ನಾಡಿಯನ್ನು ಕಾಯಿರಿ ಎಂದರು. ಇಂದಿನ ಶಸ್ತ್ರಶಾಲೆಯಲ್ಲಿ ಎರಡನ್ನೂ ಕಾಯುತ್ತಾರೆ. ಜೊತೆಗೆ ರಕ್ತದ ಆಮ್ಲಜನಕವನ್ನೂ ಒತ್ತಡವನ್ನೂ ಕಾಯುತ್ತಾರೆ. ಪಂಪು ತಾನು ತಳ್ಳಿದ್ದೆಷ್ಟು ಎಂಬುದನ್ನು ಮಾತ್ರ ಬಲ್ಲುದು. ತಳ್ಳಿದ್ದು ಎಲ್ಲಿಗೆ ಹೋಯಿತು, ಏನು ಮಾಡಿತು ಎಂಬುದು ಅದಕ್ಕೆ ತಿಳಿಯದು. ಅದನ್ನು ತಿಳಿಯಲು ಕ್ಲೋವರನ ಇನ್ನೊಂದು ಕೈ ಇಂದಿಗೂ ಬೇಕು.